ಮನೆಮನೆಗೆ ದೇವರ ಬಣ್ಣ ಮುಟ್ಟಿಸಿದ ರವಿವರ್ಮ

ಸರಸ್ವತಿಗೆ ಬಿಳಿ ಸೀರೆ, ಲಕ್ಷ್ಮಿಗೆ ಕೆಂಪು ಸೀರೆ. ಅಕ್ಷರ ಬಾರದ ಅಜ್ಜಿಯೂ ಕ್ಯಾಲೆಂಡರ್ ನೋಡಿ ಯಾವ ದೇವಿ ಅಂತ ಹೇಳಿಬಿಡ್ತಾಳೆ. ನಾನು ಎಲೆಕ್ಟ್ರಿಷಿಯನ್. ವೈರಿನ ಬಣ್ಣ ನೋಡಿ ಫೇಸ್ ಯಾವುದು, ನ್ಯೂಟ್ರಲ್ ಯಾವುದು ಅಂತ ಗುರುತಿಸೋದು ನನ್ನ ದಿನದ ಕೆಲಸ. ಅದಕ್ಕೇ ಈ ಸಲ ರಾಜಾ ರವಿವರ್ಮರ ಬಗ್ಗೆ ಬರೆಯೋಣ ಅನ್ನಿಸಿತು.

ಅವರು ಹುಟ್ಟಿದ್ದು 1848ರಲ್ಲಿ, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ. ಮೊದಲ ಗುರು ಸೋದರಮಾವ ರಾಜರಾಜ ವರ್ಮ. ಹದಿನಾಲ್ಕನೇ ವಯಸ್ಸಿಗೆ ತಿರುವನಂತಪುರದ ಅರಮನೆ ಸೇರಿದರು. ಆಗ ತೈಲವರ್ಣ ಹೊಸದು, ಬಲ್ಲವರು ಅದರ ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ. ಅರಮನೆಗೆ ಬಂದಿದ್ದ ಥಿಯೋಡರ್ ಜೆನ್ಸನ್ ಎಂಬ ಚಿತ್ರಕಾರ ಕೆಲಸ ಮಾಡುವುದನ್ನು ನೋಡಿ ನೋಡಿಯೇ ಕಲಿತರು. 1873ರಲ್ಲಿ ವಿಯೆನ್ನಾದಲ್ಲಿ, 1893ರಲ್ಲಿ ಶಿಕಾಗೋದಲ್ಲಿ ಅವರ ಚಿತ್ರಗಳಿಗೆ ಪ್ರಶಸ್ತಿ ಬಂತು.

ದೇವರ ಬಣ್ಣಗಳು ಅವರು ಕಂಡುಹಿಡಿದದ್ದಲ್ಲ. ಹಳೆಯ ಧ್ಯಾನಶ್ಲೋಕಗಳಲ್ಲೇ ಇದ್ದವು. ಬಿಳಿ ಶುದ್ಧ ಜ್ಞಾನದ ಗುರುತು. ಕೆಂಪು ಕುಂಕುಮದ, ಮಂಗಳದ ಬಣ್ಣ. ವಿಷ್ಣು ಮಳೆಮೋಡದ ಹಾಗೆ ಶ್ಯಾಮವರ್ಣ, ಉಟ್ಟಿದ್ದು ಹಳದಿ ಪೀತಾಂಬರ. ಶಿವ ಕರ್ಪೂರದ ಬಿಳುಪು, ವಿಷ ನುಂಗಿದ ಕೊರಳು ಮಾತ್ರ ನೀಲಿ. ಆದರೆ ಶ್ಲೋಕ ಕಲಿಯೋ ಅವಕಾಶ ಎಷ್ಟು ಜನಕ್ಕಿತ್ತು? ಎಷ್ಟೋ ಜಾತಿಯವರನ್ನು ಗುಡಿಯೊಳಗೇ ಬಿಡುತ್ತಿರಲಿಲ್ಲ. ರವಿವರ್ಮರ ತಿರುವಾಂಕೂರಿನಲ್ಲೇ ಎಲ್ಲರಿಗೂ ದೇವಸ್ಥಾನದ ಬಾಗಿಲು ತೆರೆದದ್ದು 1936ರಲ್ಲಿ.

ಅದಕ್ಕೂ ಎಷ್ಟೋ ಮೊದಲು, 1894ರಲ್ಲಿ, ರವಿವರ್ಮರು ಮುಂಬೈನಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದರು. ಅಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಹಾಳೆ ಎಲ್ಲ ಕಲ್ಲುಗಳ ಮೇಲೂ ಹಾದು ಬರಬೇಕು. ಒಂದು ಬಣ್ಣ ಕೂದಲೆಳೆಯಷ್ಟು ಜರುಗಿದರೂ ದೇವಿಯ ಮುಖ ಕೆಟ್ಟಿತು. ಜರ್ಮನಿಯಿಂದ ಬಂದ ತಂತ್ರಜ್ಞರ ಜೊತೆ ಹೆಸರಿಲ್ಲದ ಎಷ್ಟೋ ಕೆಲಸಗಾರರು ಆ ಕಲ್ಲುಗಳ ಮುಂದೆ ದುಡಿದರು. ಅರಮನೆಗಳ ಗೋಡೆಯಲ್ಲಿದ್ದ ಲಕ್ಷ್ಮಿ, ಸರಸ್ವತಿ ಕಡಿಮೆ ಬೆಲೆಯ ಕಾಗದದಲ್ಲಿ ಬಡವರ ಮನೆಗೂ ಬಂದರು.

ದೇವಿಯರನ್ನು ಸಾಮಾನ್ಯ ಹೆಂಗಸರ ಹಾಗೆ ಬರೆದರು ಅಂತ ಟೀಕೆಯೂ ಬಂತು. ಪ್ರೆಸ್ಸಿನಲ್ಲಿ ಲಾಭ ಆಗಲಿಲ್ಲ, ಸಾಲ ಬೆಳೆಯಿತು. ಲೋಣಾವಳದ ಹತ್ತಿರಕ್ಕೆ ಸಾಗಿಸಿ ನೋಡಿದರೂ ಉಳಿಯಲಿಲ್ಲ. ಕೊನೆಗೆ ಅಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್‌ಗೆ ಮಾರಿಬಿಟ್ಟರು. ಜೊತೆಗೇ ದುಡಿದ ತಮ್ಮ 1905ರಲ್ಲಿ ತೀರಿಕೊಂಡ. 1906ರ ಅಕ್ಟೋಬರ್ 2ರಂದು ರವಿವರ್ಮರೂ ಹೋದರು.

ಪ್ರೆಸ್ ಕೈಬಿಟ್ಟರೂ ಬಣ್ಣ ನಿಂತಿತು. ಇಲ್ಲಿ ನಮ್ಮ ರೂಮುಗಳಲ್ಲಿ ಬಂಕಿನ ತಲೆದಿಂಬಿನ ಪಕ್ಕ ಅಂಟಿಸಿಕೊಂಡ ಲಕ್ಷ್ಮಿಯ ಕೆಂಪು ಸೀರೆ ಆ ಕಲ್ಲಚ್ಚಿನ ದಾರಿಯಲ್ಲೇ ಬಂದದ್ದು. ಮೂಲ ತೈಲಚಿತ್ರಗಳು ಹೇಗಿರುತ್ತವೆ ಅಂತ ನೋಡಬೇಕಾದರೆ, ರಜೆಗೆ ಊರಿಗೆ ಹೋದಾಗ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಬನ್ನಿ. ಅವರ ಕೈಯ ಕೆಲವು ಚಿತ್ರಗಳು ಅಲ್ಲಿವೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.