ನ್ಯಾಯಪೀಠದಿಂದ ಸಂವಿಧಾನದ ಕರಡಿಗೆ: ಬೆನಗಲ್ ನರಸಿಂಗರಾವ್

ಭಾರತ ಸಂವಿಧಾನದ ರಚನೆಯನ್ನು ಕುರಿತ ಚರ್ಚೆಗಳಲ್ಲಿ ಬೆನಗಲ್ ನರಸಿಂಗರಾಯರ ಹೆಸರು ಸಂವಿಧಾನ ಸಭೆಯ ಸಲಹೆಗಾರರೆಂಬ ನೆಲೆಯಲ್ಲಷ್ಟೇ ಪ್ರಸ್ತಾಪವಾಗುತ್ತದೆ. ಅದಕ್ಕೂ ಹಿಂದೆ ಅವರು ದೀರ್ಘಕಾಲ ನ್ಯಾಯಾಡಳಿತದಲ್ಲಿ ದುಡಿದವರು. ಆ ಅನುಭವವನ್ನು ಬದಿಗಿರಿಸಿದರೆ ಅವರ ಸಂವಿಧಾನ ಚಿಂತನೆಯ ಒಂದು ಮುಖ್ಯ ನಿಲುವು ಅರ್ಥವಾಗುವುದು ಕಷ್ಟ.

ದಕ್ಷಿಣ ಕನ್ನಡದ ಸಾರಸ್ವತ ಕುಟುಂಬವೊಂದರಲ್ಲಿ 1887ರ ಫೆಬ್ರವರಿ 26ರಂದು ಜನಿಸಿದ ರಾಯರು ಮಂಗಳೂರಿನ ಕೆನರಾ ಹೈಸ್ಕೂಲು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಹಾಗೂ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜುಗಳಲ್ಲಿ ವ್ಯಾಸಂಗ ಮಾಡಿದರು. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂಗಾಳಕ್ಕೆ ನಿಯುಕ್ತರಾದ ಅವರು ನ್ಯಾಯಾಂಗ ವಿಭಾಗವನ್ನು ಸೇರಿ, ಪೂರ್ವ ಬಂಗಾಳದ ಹಲವು ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿದ್ದರು. 1925ರಿಂದ ಸುಮಾರು ಎಂಟು ವರ್ಷ ಅಸ್ಸಾಮಿನಲ್ಲಿ ಶಾಸನ ರಚನೆಯ ಹೊಣೆ ಹೊತ್ತರು. ಕಾನೂನನ್ನು ಅನ್ವಯಿಸುವ ಮತ್ತು ರೂಪಿಸುವ ಎರಡೂ ಕೆಲಸಗಳು ಹೀಗೆ ಒಬ್ಬರಲ್ಲೇ ಕೂಡಿಬಂದವು.

1935ರ ಭಾರತ ಸರ್ಕಾರ ಅಧಿನಿಯಮಕ್ಕೆ ಸಂಬಂಧಿಸಿದ ಕಾರ್ಯ ಮುಗಿದಾಗ, ಫೆಡರಲ್ ನ್ಯಾಯಾಲಯದ ಪೀಠಕ್ಕೆ ಅರ್ಹತೆ ಗಳಿಸಲೆಂದು ಉಚ್ಚ ನ್ಯಾಯಾಲಯದ ಅನುಭವ ಪಡೆಯುವಂತೆ ಮುಖ್ಯ ನ್ಯಾಯಾಧೀಶ ಸರ್ ಮಾರಿಸ್ ಗ್ವಯರ್ ಸೂಚಿಸಿದರು. ರಾಯರು ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಆದರೆ ಸರ್ಕಾರ ಅವರನ್ನು ಪೀಠದಲ್ಲಿ ನಿರಾತಂಕವಾಗಿ ಕೂರಲು ಬಿಡಲಿಲ್ಲ. ರೈಲ್ವೆ ನೌಕರರ ವೇತನ ವಿಚಾರಣೆ, 1941ರ ಸಿಂಧೂ ನದಿ ಆಯೋಗ, ಹಿಂದೂ ಕಾನೂನು ಸಮಿತಿ ಹೀಗೆ ಒಂದರ ಮೇಲೊಂದು ಹೊಣೆಗಳು ಬಂದವು. ಸಿಂಧೂ ಆಯೋಗ ನದಿ ನೀರಿನ ನ್ಯಾಯಸಮ್ಮತ ಹಂಚಿಕೆಯ ತತ್ವವನ್ನು ಎತ್ತಿಹಿಡಿಯಿತು. ಹಿಂದೂ ಕಾನೂನು ಸಮಿತಿಯು ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಸೂಚಿಸಿ, ಮುಂದಿನ ಹಿಂದೂ ಸಂಹಿತೆಗೆ ತಳಹದಿ ಹಾಕಿತು.

1946ರಲ್ಲಿ ಸಂವಿಧಾನ ಸಲಹೆಗಾರರಾದ ರಾಯರು 1947ರ ಅಕ್ಟೋಬರಿನಲ್ಲಿ ಸಿದ್ಧಪಡಿಸಿದ ಕರಡಿನಲ್ಲಿ ಸುಮಾರು 240 ವಿಧಿಗಳೂ 13 ಅನುಸೂಚಿಗಳೂ ಇದ್ದವು. ವ್ಯಕ್ತಿಸ್ವಾತಂತ್ರ್ಯಕ್ಕೆ ಯುಕ್ತ ಪ್ರಕ್ರಿಯೆಯ ರಕ್ಷಣೆಯೂ ಅದರಲ್ಲಿತ್ತು. ಅನಂತರ ಅಮೆರಿಕದಲ್ಲಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ಚರ್ಚಿಸಿ ಬಂದ ರಾಯರು ಆ ಪದಪುಂಜವನ್ನು ಕೈಬಿಡುವುದೇ ಲೇಸೆಂದು ವಾದಿಸಿದರು. ಗೇಣಿ ಮತ್ತು ಭೂಸುಧಾರಣೆಯಂಥ ಶಾಸನಗಳನ್ನು ಬೆರಳೆಣಿಕೆಯ ನ್ಯಾಯಾಧೀಶರು ರದ್ದುಗೊಳಿಸುವಂತಾಗಬಾರದು ಎಂಬುದು ಅವರ ಆತಂಕವಾಗಿತ್ತು. ಸ್ವತಃ ನ್ಯಾಯಾಧೀಶರಾಗಿದ್ದವರೇ ನ್ಯಾಯಾಧೀಶರ ಅಧಿಕಾರಕ್ಕೆ ಮಿತಿ ಬಯಸಿದ್ದು ಇಲ್ಲಿ ಗಮನಾರ್ಹ.

ಈ ನಿಲುವಿಗೆ ಬೆಲೆಯನ್ನೂ ತೆರಬೇಕಾಯಿತು. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಮುಂಜಾಗ್ರತಾ ಬಂಧನದಲ್ಲಿದ್ದವರಿಗೆ 21ನೆಯ ವಿಧಿ ಆಸರೆಯಾಗಲಿಲ್ಲ. 1978ರ ಮೇನಕಾ ಗಾಂಧಿ ಪ್ರಕರಣದಲ್ಲಷ್ಟೇ ಕಾರ್ಯವಿಧಾನವು ನ್ಯಾಯಯುತವಾಗಿಯೂ ಇರಬೇಕೆಂಬ ತತ್ವ ನೆಲೆಗೊಂಡಿತು.

ಆ ತೀರ್ಪನ್ನು ಕಾಣಲು ರಾಯರು ಇರಲಿಲ್ಲ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದಾಗಲೇ, 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ಅವರು ನಿಧನರಾದರು. ಅವರ ಆತಂಕ ನಿರಾಧಾರವಾಗಿರಲಿಲ್ಲ. ಆದರೆ ಶಾಸಕಾಂಗದ ಮೇಲೆ ಅವರಿಟ್ಟ ಭರವಸೆ ಪೂರ್ಣವಾಗಿ ಫಲಿಸಲೂ ಇಲ್ಲ. ಅವರ ಜೀವನವನ್ನು ಈ ಎರಡು ಸತ್ಯಗಳ ನಡುವೆಯೇ ಅಳೆಯಬೇಕಾಗುತ್ತದೆ.