ಸಿಗಡಿ ಒಣಗದ ಕತೆ ಹೇಳಿದ ಪಂಜೆ ಮಾಸ್ತರರು

ಬಿಸಿಲಿಗೆ ಹಾಕಿದ ಸಿಗಡಿ ಒಣಗಲಿಲ್ಲ. ಏಕೆಂದು ಕೇಳಿದರೆ ಅದು ಹುಲ್ಲನ್ನು ದೂರುತ್ತದೆ. ಹುಲ್ಲು ತನ್ನನ್ನು ಮೇಯದ ದನವನ್ನು ದೂರುತ್ತದೆ. ದನವು ಮೇಯಿಸಲು ಬಾರದ ಹುಡುಗನನ್ನು ದೂರುತ್ತದೆ. ಹೀಗೆ ಒಬ್ಬರಿಂದೊಬ್ಬರಿಗೆ ಜಾರುತ್ತ ಹೋದ ತಪ್ಪು ಕಟ್ಟಕಡೆಗೆ ಒಂದು ಇರುವೆಯ ಮೇಲೆ ಬಂದು ನಿಲ್ಲುತ್ತದೆ. ಇರುವೆಗೂ ತನ್ನದೇ ಆದ ಸಮರ್ಥನೆಯಿದೆ. ಅಲ್ಲಿಗೆ ಕತೆ ಮುಗಿಯಿತು. ಕೇಳುತ್ತಿದ್ದ ಮಕ್ಕಳು ನಗುತ್ತಾರೆ, ಮತ್ತೊಮ್ಮೆ ಹೇಳೆಂದು ಪೀಡಿಸುತ್ತಾರೆ. ಪರರ ಮೇಲೆ ತಪ್ಪು ಹೊರಿಸಬಾರದೆಂಬ ನೀತಿವಾಕ್ಯವನ್ನು ಅಲ್ಲಿ ಯಾರೂ ಉಚ್ಚರಿಸುವುದಿಲ್ಲ. ಅಜ್ಜಿಯರ ಬಾಯಲ್ಲಿದ್ದ ಇಂತಹ ಸರಪಳಿ ಕತೆಯನ್ನು ಕನ್ನಡದ ಎಳೆಯ ಓದುಗರ ಕೈಗಿತ್ತವರು ಪಂಜೆ ಮಂಗೇಶರಾಯರು.

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿಯ ದಡದ ಬಂಟ್ವಾಳದಲ್ಲಿ. ತಂದೆ ರಾಮಪ್ಪಯ್ಯ. ಹಿರಿಯರ ಊರಾದ ಪಂಜವೇ ಮನೆತನದ ಹೆಸರಾಯಿತು. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ಆಗಿನ್ನೂ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಬಹುಪಾಲು ಮಕ್ಕಳ ಸ್ಥಿತಿಯೂ ಇದೇ. ಮನೆಯಲ್ಲಿ ಆಡದ ಭಾಷೆಯೊಂದನ್ನು ಅವರು ಆರೇಳರ ವಯಸ್ಸಿನಲ್ಲಿ ಪುಸ್ತಕದಿಂದ ಕಲಿಯಬೇಕಿತ್ತು. ಪಂಜೆಯವರ ಬಾಲಸಾಹಿತ್ಯವನ್ನು ಓದುವವರು ಈ ಸಂಗತಿಯನ್ನು ಮರೆಯಬಾರದು. ಅವರ ಕತೆಗಳಲ್ಲಿ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುವುದು, ವಾಕ್ಯಗಳು ಗಿಡ್ಡವಾಗಿರುವುದು, ಪ್ರಾಸ ಕುಣಿಯುವುದು ಕೇವಲ ವಿನೋದಕ್ಕಲ್ಲ. ನಾಲ್ಕು ಸಲ ಕೇಳಿದ ಮಾತನ್ನು ಐದನೆಯ ಸಲ ಮಗುವೇ ಹೇಳುತ್ತದೆ. ಭಾಷೆ ಬಂದದ್ದೇ ತಿಳಿಯುವುದಿಲ್ಲ.

ಪಂಜೆಯವರು ಬಡತನದ ನಡುವೆ ಮಂಗಳೂರಿನಲ್ಲಿ ಓದಿದರು. ಬೆನಗಲ್ ರಾಮರಾಯರ ಸ್ನೇಹ ಅಲ್ಲಿ ದೊರೆಯಿತು. ರಾಮರಾಯರ ಸೋದರಿ ಭವಾನಿಬಾಯಿಯವರನ್ನು ವರಿಸಿದ ಮೇಲೆ ಅದು ನಂಟೂ ಆಯಿತು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ವೃತ್ತಿಯನ್ನಾರಂಭಿಸಿದ ಅವರು ಮುಂದೆ ಶಾಲಾ ತನಿಖಾಧಿಕಾರಿಗಳಾದರು. 1900ರ ಸುಮಾರಿಗೆ ‘ಸುವಾಸಿನಿ’ ಪತ್ರಿಕೆಯಲ್ಲಿ ಅವರು ಬರೆದ ಕತೆಗಳು ಕನ್ನಡ ಸಣ್ಣಕತೆಯ ಆರಂಭದ ಹೆಜ್ಜೆಗಳಲ್ಲಿ ಎಣಿಸಲ್ಪಡುತ್ತವೆ. ಹರಟೆಮಲ್ಲ, ಕವಿಶಿಷ್ಯ, ರಾ.ಮ.ಪಂ. ಎಂಬ ಹೆಸರುಗಳ ಮರೆಯಲ್ಲಿ ನಿಂತು ಬರೆಯುವುದು ಅವರಿಗೆ ಪ್ರಿಯವಾಗಿತ್ತು. ಕಿಟೆಲ್ ಸಂಪಾದಿಸಿದ್ದ ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸಿದ ವಿದ್ವಾಂಸರೂ ಇವರೇ. ಕೇಶಿರಾಜನ ಸೂತ್ರಗಳನ್ನು ಅರೆದು ಕುಡಿದವರು ಇರುವೆ, ಕೋಳಿ, ಕರಡಿಗಳ ಕತೆಗೆ ಕುಳಿತರೆಂಬುದು ಅಂದಿನ ಕೆಲವು ಪಂಡಿತರಿಗೆ ಹುಬ್ಬೇರಿಸುವ ವಿಷಯವಾಗಿದ್ದರೆ ಆಶ್ಚರ್ಯವಿಲ್ಲ.

ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಹಳ್ಳಿಯ ಶಾಲೆಗಳು ನಡುಗುತ್ತಿದ್ದ ಕಾಲವದು. ಮೇಷ್ಟ್ರಿಗೆ ಕೆಲಸದ ಭಯ, ಮಕ್ಕಳಿಗೆ ಮೇಷ್ಟ್ರ ಭಯ. ಪಂಜೆಯವರ ಭೇಟಿ ಮಾತ್ರ ಬೇರೆ ಬಗೆಯದಾಗಿತ್ತೆಂದು ಕರಾವಳಿಯಲ್ಲಿ ಬಹುಕಾಲ ಹೇಳುತ್ತಿದ್ದರು. ಅವರು ತಾವೇ ಮಕ್ಕಳ ನಡುವೆ ನಿಂತು ಪಾಠ ಮಾಡುತ್ತಿದ್ದರಂತೆ, ಹಾಡುತ್ತಿದ್ದರಂತೆ, ಅಭಿನಯಿಸಿ ಕತೆ ಹೇಳುತ್ತಿದ್ದರಂತೆ. ಆ ವೃತ್ತಿಯ ಅನುಭವಗಳಿಂದಲೇ ‘ಹಳೆಯ ಸಬ್‌ಅಸಿಸ್ಟೆಂಟನ ಸುಳ್ಳು ಡೈರಿ’ ಎಂಬ ವಿನೋದ ಬರಹವೂ ಹುಟ್ಟಿತು. ಅಧಿಕಾರದಲ್ಲಿದ್ದುಕೊಂಡೇ ಅಧಿಕಾರವನ್ನು ನೋಡಿ ನಗಬಲ್ಲವರಾಗಿದ್ದರು ಅವರು.

ಆ ಕಾಲದ ವಾಚನ ಪುಸ್ತಕಗಳಲ್ಲಿ ಕತೆಗಳಿಗೇನೂ ಕೊರತೆಯಿರಲಿಲ್ಲ. ಪಂಚತಂತ್ರ ಇತ್ತು, ಈಸೋಪನಿದ್ದ. ಆದರೆ ಕತೆಯ ಬುಡದಲ್ಲಿ ನೀತಿಯನ್ನು ಕಟ್ಟಿಡುವ ರೂಢಿ ಬಲವಾಗಿತ್ತು. ಮಕ್ಕಳು ಕತೆಯನ್ನು ಬಿಟ್ಟು ಆ ಒಂದು ಸಾಲನ್ನು ಉರುಹೊಡೆದು ಒಪ್ಪಿಸಿದರೆ ಪಾಠ ಮುಗಿಯುತ್ತಿತ್ತು. ಪಂಜೆಯವರು ನೀತಿಯ ವಿರೋಧಿಗಳಲ್ಲ. ಹೇಗಿದ್ದರೂ ಅವರು ಮಾಸ್ತರರೇ. ಆದರೆ ನೀತಿ ಘಟನೆಯೊಳಗೆ ಇರಬೇಕು, ಮಗು ಅದನ್ನು ತಾನಾಗಿ ಎಡವಿ ಕಂಡುಕೊಳ್ಳಬೇಕು ಎಂಬ ನಿಲುವು ಅವರ ಬರಹದಿಂದಲೇ ತಿಳಿಯುತ್ತದೆ. ‘ನಾಗರಹಾವೆ’ ಪದ್ಯವನ್ನೇ ನೋಡಿ. ಅಲ್ಲಿ ಹಾವಿನ ಚೆಲುವಿಗೆ ಸೋಲುವ ಮಗುವೂ ಇದೆ, ಹಾವಿನ ವಿಷಕ್ಕೆ ಹೆದರುವ ಮಗುವೂ ಇದೆ. ಎರಡರಲ್ಲಿ ಯಾವುದು ಸರಿಯೆಂದು ಕವಿ ತೀರ್ಪು ಕೊಡುವುದಿಲ್ಲ.

ಈ ನಿಲುವಿಗೆ ನಿಜವಾದ ಪರೀಕ್ಷೆ ಎದುರಾದದ್ದು ‘ಕೋಟಿ ಚೆನ್ನಯ’ದಲ್ಲಿ. ತುಳುವಿನ ಪಾಡ್ದನಗಳಲ್ಲಿದ್ದ ಈ ಅವಳಿ ವೀರರ ಕತೆಯನ್ನು ಪಂಜೆಯವರು ಕನ್ನಡ ಗದ್ಯಕ್ಕಿಳಿಸಿದರು. ನಾಟಿ ನೆಡುವ ಹೆಂಗಸರೂ ದೈವದ ನೇಮದ ಕಲಾವಿದರೂ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಕತೆಗಳಿವು. ಬಿಲ್ಲವರ ದೇಯಿ ಬೈದೆದಿ ಪಡುಮಲೆಯ ಬಲ್ಲಾಳನ ಗಾಯವನ್ನು ಮದ್ದು ಮಾಡಿ ವಾಸಿಮಾಡುತ್ತಾಳೆ. ಅವಳ ಮಕ್ಕಳು ಬೆಳೆದು ಅದೇ ಬೀಡಿನಲ್ಲಿ ಅನ್ಯಾಯ ಉಣ್ಣುತ್ತಾರೆ. ಗದ್ದೆಯ ನೀರಿನ ಜಗಳದಲ್ಲಿ ಮಂತ್ರಿ ಬುದ್ಯಂತನನ್ನು ಕೊಂದು ಊರು ಬಿಡುತ್ತಾರೆ. ಪಂಜದಲ್ಲಿ ಸೆರೆಬಿದ್ದು, ಸೆರೆಯೊಡೆದು ಎಣ್ಮೂರಿಗೆ ಸೇರಿ, ಅಲ್ಲಿ ಯುದ್ಧದಲ್ಲಿ ಮಡಿಯುತ್ತಾರೆ. ತುಳುನಾಡಿನ ಗರಡಿಗಳಲ್ಲಿ ಅವರು ಇಂದಿಗೂ ಪೂಜೆಗೊಳ್ಳುತ್ತಿದ್ದಾರೆ. ಇದಕ್ಕೆ ಯಾವ ಒಂದು ಸಾಲಿನ ನೀತಿ ಹೊಂದೀತು? ಕೊಲೆ ತಪ್ಪೆನ್ನಬೇಕೇ, ಕೊಟ್ಟ ಮಾತಿಗೆ ತಪ್ಪಿದ ಒಡೆಯನದು ತಪ್ಪೆನ್ನಬೇಕೇ? ಹಿಂದುಳಿದ ಸಮುದಾಯದ ವೀರರನ್ನು ಅವರ ರೋಷದ ಸಮೇತ, ಅನ್ಯ ಮನೆಮಾತಿನ ಬ್ರಾಹ್ಮಣ ಲೇಖಕರೊಬ್ಬರು ಕನ್ನಡ ಪುಸ್ತಕಕ್ಕೆ ತಂದರು. ಸೆರೆಮನೆಯಿದ್ದ ಪಂಜ ತಮ್ಮ ಹಿರಿಯರದೇ ಊರು ಎಂಬುದು ಬರೆಯುವಾಗ ಅವರ ಮನಸ್ಸಿನಲ್ಲಿ ಸುಳಿದಿರಬಹುದು.

ಮಂಗಳೂರಿನಲ್ಲಿ ಮಕ್ಕಳ ಪುಸ್ತಕಗಳಿಗೆಂದೇ ಬಾಲಸಾಹಿತ್ಯ ಮಂಡಲವನ್ನು ಕಟ್ಟುವುದರಲ್ಲಿ ಪಂಜೆಯವರು ಮುಂದಾಳಾಗಿದ್ದರು. 1920ರ ದಶಕದಲ್ಲಿ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಹೋದರು. ಕೊಡಗಿನ ಮಳೆ, ಬೆಟ್ಟ, ಸುಗ್ಗಿಯ ಸಂಭ್ರಮಗಳು ಈ ಕರಾವಳಿಯವರನ್ನು ಒಲಿಸಿಕೊಂಡವು. ‘ಹುತ್ತರಿ ಹಾಡು’ ಆ ಒಲವಿನ ಫಲ. ಕೊಡಗಿನವರು ಅದನ್ನು ತಮ್ಮ ನಾಡಗೀತೆಯಂತೆಯೇ ಎತ್ತಿಕೊಂಡರು. ಹೊರಗಿನಿಂದ ಬಂದ ಮಾಸ್ತರರೊಬ್ಬರಿಗೆ ಇಂತಹ ಮನ್ನಣೆ ಸಿಗುವುದು ಅಪರೂಪ.

1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಒಲಿಯಿತು. ರಾಯಚೂರು ಆಗ ನಿಜಾಮರ ಆಡಳಿತದಲ್ಲಿತ್ತು; ಕನ್ನಡ ಅಲ್ಲಿಯೂ ಶಾಲೆಯ ಬಾಗಿಲಲ್ಲಿ ಜಾಗಕ್ಕಾಗಿ ಕಾಯುತ್ತಿದ್ದ ಭಾಷೆ. ಮೂರು ವರ್ಷಗಳ ಬಳಿಕ, 1937ರ ಅಕ್ಟೋಬರಿನಲ್ಲಿ, ಅದೇ ನಿಜಾಮರ ರಾಜಧಾನಿ ಹೈದರಾಬಾದಿನಲ್ಲಿ ಪಂಜೆಯವರು ಕೊನೆಯುಸಿರೆಳೆದರು. ಆಗ ಅವರಿಗೆ 63 ವರ್ಷ.

ಅವರ ಹೆಚ್ಚಿನ ಕತೆಗಳು ಕೆಲವೇ ಪುಟಗಳವು. ಅಚ್ಚಿಗಿಂತ ಮೊದಲು ಬಾಯಲ್ಲಿದ್ದವು, ಅಚ್ಚಾದ ಮೇಲೆ ಮರಳಿ ಬಾಯಿಗೇ ಹೋದವು. ಸಿಗಡಿಯ ಕತೆಯನ್ನು ಹೇಳುವ ಎಷ್ಟೋ ಅಜ್ಜಿಯರಿಗೆ ಪಂಜೆಯವರ ಹೆಸರು ಗೊತ್ತಿಲ್ಲ. ಕೆಲವರು ಹುಲ್ಲಿನ ಬದಲು ಮೋಡವನ್ನು ತರುತ್ತಾರೆ, ಕೆಲವರು ನಡುವೆ ಇನ್ನೊಂದು ಪ್ರಾಣಿಯನ್ನು ಸೇರಿಸುತ್ತಾರೆ. ಇರುವೆ ಮಾತ್ರ ಕಡೆಯಲ್ಲಿ ಬಂದೇ ಬರುತ್ತದೆ.