ಗೌಸ್ ಮಹಾಶಯನ ಕನ್ನಡಿ

ಹೊಸ ರಸ್ತೆಯೋ ಸೇತುವೆಯೋ ಆಗುವ ಸ್ಥಳದಲ್ಲಿ ಮುಕ್ಕಾಲಿಯ ಮೇಲೆ ದುರ್ಬೀನನ್ನಿಟ್ಟು ಒಬ್ಬನು ನೋಡುತ್ತಿರುವುದನ್ನೂ, ದೂರದಲ್ಲಿ ಮತ್ತೊಬ್ಬನು ಕೋಲೊಂದನ್ನು ನೆಟ್ಟಗೆ ಹಿಡಿದು ನಿಂತಿರುವುದನ್ನೂ ವಾಚಕರು ಕಂಡಿರಬಹುದು. ಆ ಕೋಲಿನ ತುದಿಯಲ್ಲಿ ಗಾಜಿನ ಪಟ್ಟಕವೊಂದಿರುತ್ತದೆ. ಯಂತ್ರದಿಂದ ಹೊರಟ ಬೆಳಕು ಅದಕ್ಕೆ ತಾಗಿ, ಬಂದ ದಾರಿಯಲ್ಲಿಯೇ ಮರಳುತ್ತದೆ. ಅದರಿಂದ ದೂರವು ಮಿಲಿಮೀಟರುಗಳ ಲೆಕ್ಕದಲ್ಲಿ ತಿಳಿದುಬರುತ್ತದೆ. ನೋಡುವ ಯಂತ್ರಕ್ಕೆ ಸಲ್ಲುವ ಮರ್ಯಾದೆ ಈ ಗಾಜಿನ ತುಂಡಿಗೆ ಸಲ್ಲುವುದಿಲ್ಲ. ಆದರೆ ಗುರಿಯೇ ಮಸುಕಾಗಿದ್ದರೆ ಎಂಥ ದುರ್ಬೀನು ತಾನೇ ಏನು ಮಾಡೀತು? ಈ ಸಂಗತಿಯನ್ನು ಮನಗಂಡು ಗುರಿಗೇ ಬೆಳಕನ್ನು ಕೊಟ್ಟವನು ಜರ್ಮನಿಯ ಕಾರ್ಲ್ ಫ್ರೀಡ್ರಿಕ್ ಗೌಸ್. ಗಣಿತಜ್ಞರಲ್ಲಿ ಅರಸನೆಂದು ಕೀರ್ತಿವೆತ್ತ ಈ ಮಹಾಶಯನು ತನ್ನ ನಡುವಯಸ್ಸಿನ ಅಮೂಲ್ಯ ವರ್ಷಗಳನ್ನು ಬೆಟ್ಟ ಬಯಲುಗಳನ್ನು ಅಳೆಯುವುದರಲ್ಲಿ ಕಳೆದನೆಂಬುದನ್ನು ಬಲ್ಲವರು ವಿರಳ.

ಗೌಸನು 1777ನೆಯ ಇಸವಿ ಏಪ್ರಿಲ್ 30ರಂದು ಬ್ರೌನ್‌ಷ್ವೈಗ್ ಪಟ್ಟಣದ ಬಡ ಕುಟುಂಬವೊಂದರಲ್ಲಿ ಜನಿಸಿದನು. ತಂದೆಯು ಗಾರೆ ಕೆಲಸ, ತೋಟದ ಕೆಲಸ ಮೊದಲಾದುವುಗಳಿಂದ ಸಂಸಾರ ತೂಗಿಸುತ್ತಿದ್ದವನು. ತಾಯಿಗೆ ಮಗ ಹುಟ್ಟಿದ ತಾರೀಖು ನೆನಪಿರಲಿಲ್ಲ. ಕ್ರಿಸ್ತನ ಸ್ವರ್ಗಾರೋಹಣದ ಹಬ್ಬಕ್ಕೆ ಎಂಟು ದಿನ ಮುಂಚಿನ ಬುಧವಾರವೆಂಬುದಷ್ಟೇ ನೆನಪು. ನಮ್ಮ ಮನೆಗಳ ಮುದುಕಿಯರು ಗೌರಿಹಬ್ಬದ ಹಿಂದುಮುಂದನ್ನು ಹೇಳಿ ಮಕ್ಕಳ ವಯಸ್ಸನ್ನು ಎಣಿಸುತ್ತಿದ್ದ ಬಗೆಯೂ ಇದೇ ಅಲ್ಲವೆ! ಮಗನು ಬೆಳೆದ ಮೇಲೆ ಈಸ್ಟರ್ ಹಬ್ಬ ಬೀಳುವ ದಿನವನ್ನು ತಿಳಿಯಲು ತಾನೇ ಕಟ್ಟಿದ ಸೂತ್ರದಿಂದ ತನ್ನ ಜನ್ಮದಿನವನ್ನು ಗುಣಿಸಿಕೊಂಡನು. ಬ್ರೌನ್‌ಷ್ವೈಗಿನ ದೊರೆಯು ಹುಡುಗನ ಬುದ್ಧಿಯನ್ನು ಕಂಡು ವೇತನ ಕೊಟ್ಟು ಓದಿಸದಿದ್ದರೆ ಲೋಕಕ್ಕೆ ಒಬ್ಬ ಗಾರೆಗಾರ ಮಾತ್ರ ದೊರೆಯುತ್ತಿದ್ದನೋ ಏನೋ. 1801ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅಂಕಗಣಿತದ ಮೇಲೆ ಅವನು ಬರೆದ ಮಹಾಗ್ರಂಥವು ಹೊರಬಂದಿತು. ಆ ವರ್ಷವೇ ಪಿಯಾಟ್ಸಿ ಎಂಬ ಜ್ಯೋತಿರ್ವಿದನು ಕಂಡುಹಿಡಿದ ಸೀರೀಸ್ ಎಂಬ ಕಿರುಗ್ರಹವು ಸುಮಾರು ಆರು ವಾರ ಕಾಣಿಸಿಕೊಂಡು ಸೂರ್ಯನ ಕಾಂತಿಯಲ್ಲಿ ಮರೆಯಾಯಿತು. ಆ ಅಲ್ಪಸ್ವಲ್ಪ ವೀಕ್ಷಣೆಗಳಿಂದಲೇ ಗೌಸನು ಅದರ ಪಥವನ್ನು ಗಣಿಸಿ, ಎಲ್ಲಿ ಹುಡುಕಬೇಕೆಂಬುದನ್ನು ತಿಳಿಸಿದನು. ವರ್ಷ ಮುಗಿಯುವುದರೊಳಗೆ ಅದು ಅಲ್ಲಿಯೇ ಸಿಕ್ಕಿತು. 1807ರಲ್ಲಿ ಗೊಟಿಂಗೆನ್ ನಗರದ ವೇಧಶಾಲೆಯ ಅಧಿಪತ್ಯವು ಅವನಿಗೆ ಬಂದಿತು. ಎರಡು ವರ್ಷಗಳಲ್ಲಿ ಪ್ರಿಯಪತ್ನಿ ಯೊಹಾನ್ನಾ ತೀರಿಕೊಂಡಳು. ಆ ದುಃಖವು ಅವನನ್ನು ಕೊನೆಯವರೆಗೂ ಪೂರ್ತಿಯಾಗಿ ಬಿಟ್ಟಂತೆ ತೋರುವುದಿಲ್ಲ.

ಹ್ಯಾನೋವರ್ ರಾಜ್ಯದ ಭೂಮಾಪನದ ಭಾರವು ಅವನ ಮೇಲೆ ಬಿದ್ದುದು ನಲವತ್ತು ದಾಟಿದ ಮೇಲೆ. ಡೆನ್ಮಾರ್ಕಿನಲ್ಲಿ ಶೂಮಾಕರ್ ಎಂಬ ಮಿತ್ರನು ನಡೆಸುತ್ತಿದ್ದ ತ್ರಿಭುಜಮಾಪನವನ್ನು ದಕ್ಷಿಣಕ್ಕೆ ಮುಂದುವರಿಸುವುದು ಉದ್ದೇಶ. ಒಂದು ಬೆಟ್ಟದಿಂದ ಮತ್ತೊಂದನ್ನೂ ಅಲ್ಲಿಂದ ಮೂರನೆಯದನ್ನೂ ನೋಡಿ ಕೋನಗಳನ್ನು ಅಳೆದರೆ, ಒಂದು ಭುಜದ ಉದ್ದ ತಿಳಿದಲ್ಲಿ ಉಳಿದುವೆಲ್ಲ ಲೆಕ್ಕದಿಂದ ದೊರೆಯುತ್ತವೆ. ಹೇಳುವುದಕ್ಕೆ ಇಷ್ಟು ಸುಲಭ. ಆದರೆ ಹತ್ತಾರು ಮೈಲಿ ದೂರದ ಗೋಪುರವನ್ನು ಹಗಲಿನಲ್ಲಿ ನೋಡಿದರೆ ಅದು ಬಾನಿನ ಬೂದಿಬಣ್ಣದಲ್ಲಿ ಕರಗಿಹೋಗುತ್ತದೆ. ಕಂಡರೂ ಬಿಸಿಲು ಬಿದ್ದ ಮಗ್ಗುಲೊಂದೇ ಕಾಣುವುದರಿಂದ ಅದರ ನಡುಗೆರೆ ಎಲ್ಲಿಯೆಂಬುದರಲ್ಲಿ ತಪ್ಪು ನುಸುಳುತ್ತದೆ.

1818ರಲ್ಲಿ ಗೌಸನು ಲೂನೆಬುರ್ಗ್ ಊರಿನ ಇಗರ್ಜಿಯ ಗೋಪುರವನ್ನು ಹತ್ತಿ, ನಲವತ್ತು ಕಿಲೋಮೀಟರಿಗೂ ಆಚೆಯ ಹ್ಯಾಂಬುರ್ಗಿನ ಗೋಪುರವನ್ನು ನೋಡುತ್ತಿದ್ದನು. ಆಗ ಆ ಗೋಪುರದ ಕಿಟಕಿಯ ಗಾಜೊಂದು ಸೂರ್ಯನನ್ನು ಪ್ರತಿಫಲಿಸಿ ಕಣ್ಣು ಕೋರೈಸಿತು. ಕೆಲಸಕ್ಕೆ ಅದು ಅಡ್ಡಿಯೇ. ಬೇರೊಬ್ಬನಾಗಿದ್ದರೆ ಬಿಸಿಲು ಸರಿಯಲೆಂದು ಕಾಯುತ್ತಿದ್ದನು. ಗೌಸನಿಗಾದರೋ ಆ ಅಡ್ಡಿಯಲ್ಲಿಯೇ ಉಪಾಯ ಹೊಳೆಯಿತು. ಕಿಟಕಿಯ ಗಾಜಿಗೆ ಇಷ್ಟು ಶಕ್ತಿಯಿದ್ದರೆ, ಬೇಕಾದ ಕಡೆಗೆ ತಿರುಗಿಸಬಲ್ಲ ಕನ್ನಡಿಗೆ ಎಷ್ಟಿರಬೇಡ! ಮೊದಲು ಅವನು ಮಾಡಿದುದು ಪ್ರಯೋಗವನ್ನಲ್ಲ, ಲೆಕ್ಕವನ್ನು. ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಆದುದರಿಂದ ಕನ್ನಡಿಯಿಂದ ಹೊರಟ ಬೆಳಕು ನೂರು ಕಿಲೋಮೀಟರು ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಕಿಲೋಮೀಟರಿನಷ್ಟು ಹರಡಿಕೊಳ್ಳುತ್ತದೆ. ಹರಡಿದರೂ, ಕೆಲವೇ ಅಂಗುಲದ ಕನ್ನಡಿಯು ಅಷ್ಟು ದೂರಕ್ಕೆ ನಕ್ಷತ್ರದಂತೆ ಕಾಣಬೇಕೆಂದು ಗಣಿತವು ಹೇಳಿತು. 1821ರಲ್ಲಿ ಯಂತ್ರವು ಸಿದ್ಧವಾಯಿತು. ಗಣಿತದ ಮಾತು ದಿಟವಾಯಿತು. ಸೂರ್ಯನ ಕಡೆಗೆ ತಿರುಗುವುದೆಂಬ ಅರ್ಥದಲ್ಲಿ ಅದಕ್ಕೆ ಹೀಲಿಯೊಟ್ರೋಪ್ ಎಂದು ಹೆಸರಾಯಿತು. ಸೂರ್ಯನು ನಿಂತಲ್ಲಿ ನಿಲ್ಲುವವನಲ್ಲವಾದುದರಿಂದ, ಬೆಟ್ಟದ ಮೇಲೆ ಒಬ್ಬ ಮನುಷ್ಯನು ಕುಳಿತು ಕನ್ನಡಿಯನ್ನು ಅರೆಗಳಿಗೆಗೊಮ್ಮೆ ತಿರುಗಿಸುತ್ತಲೇ ಇರಬೇಕಾಗಿತ್ತು.

ಈ ಕನ್ನಡಿಯ ಬಲದಿಂದ ಹೋಹೆನ್‌ಹಾಗೆನ್, ಬ್ರೋಕೆನ್, ಇನ್ಸೆಲ್ಸ್‌ಬರ್ಗ್ ಎಂಬ ಮೂರು ಬೆಟ್ಟಗಳ ನಡುವಿನ ಮಹಾತ್ರಿಭುಜವನ್ನು ಅಳೆದನು. ಅದರ ಅತಿದೊಡ್ಡ ಭುಜವು 100 ಕಿಲೋಮೀಟರಿಗೂ ಮಿಗಿಲು. ಭೂಮಿಯು ಉಬ್ಬಿರುವುದರಿಂದ ಇಂಥ ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿಗಿಂತ ತುಸು ಹೆಚ್ಚು. ಇಲ್ಲಿ ಆ ಹೆಚ್ಚಳವು 15 ಸೆಕೆಂಡಿಗೂ ಕಡಿಮೆ. ಡಿಗ್ರಿಯನ್ನು 3,600 ಭಾಗ ಮಾಡಿದರೆ ಒಂದು ಭಾಗವೇ ಒಂದು ಸೆಕೆಂಡೆಂಬುದನ್ನು ನೆನೆದರೆ, ಗುರಿ ಎಷ್ಟು ಚೊಕ್ಕಟವಾಗಿರಬೇಕಾಗಿತ್ತೆಂಬುದು ತಿಳಿದೀತು.

ಬೇಸಿಗೆಯಲ್ಲೆಲ್ಲ ಊರೂರು ತಿರುಗಾಟ. ಹಗಲು ವೀಕ್ಷಣೆ, ರಾತ್ರಿ ಲೆಕ್ಕ. ಲೂನೆಬುರ್ಗಿನ ಸಮತಟ್ಟಾದ ಬಯಲಿನಲ್ಲಿ ಬೆಟ್ಟಗಳಿಲ್ಲದೆ, ದೃಷ್ಟಿ ಹಾಯುವುದಕ್ಕಾಗಿ ಕಾಡನ್ನು ಕಡಿಸಿ ದಾರಿ ಮಾಡಬೇಕಾಯಿತು. ಮನೆಯಲ್ಲಿ ಎರಡನೆಯ ಹೆಂಡತಿ ರೋಗಿ. ಇವನಿಗೂ ಬೇಗೆ ಒಗ್ಗದೆ ಆರೋಗ್ಯ ಕೆಟ್ಟು, 1825ರ ಅನಂತರ ಬಯಲಿನ ಕೆಲಸವನ್ನು ತನ್ನ ಮಗನಿಗೂ ಇತರ ಅಧಿಕಾರಿಗಳಿಗೂ ಒಪ್ಪಿಸಿ, ಲೆಕ್ಕವನ್ನು ಮಾತ್ರ ತಾನಿಟ್ಟುಕೊಂಡನು. ಕೆಲಸ ಮುಗಿದುದು 1844ರಲ್ಲಿ. ಇಂಥ ಮೇಧಾವಿಯು ಅಮೀನರು ಮಾಡಬಹುದಾದ ಕೆಲಸದಲ್ಲಿ ಸವೆಯುತ್ತಿರುವನಲ್ಲಾ ಎಂದು ಮಿತ್ರನಾದ ಬೆಸ್ಸೆಲ್ ಜ್ಯೋತಿರ್ವಿದನು ಆಗಲೇ ಮರುಗಿದನು. ಜಗತ್ತಿನ ಅಳತೆಗಳೆಲ್ಲ ಸೇರಿದರೂ ಒಂದು ಶಾಶ್ವತಸತ್ಯದ ಪ್ರಮೇಯಕ್ಕೆ ಸಮನಾಗಲಾರವೆಂಬುದನ್ನು ಗೌಸನೂ ಒಪ್ಪಿಕೊಂಡನು. ಆದರೂ ಕೈಗೊಂಡುದನ್ನು ಬಿಡಲಿಲ್ಲ. ಆ ಕೆಲಸದಿಂದ ಬರುತ್ತಿದ್ದ ಹೆಚ್ಚಿನ ಸಂಬಳವೂ ಅವನ ಸಂಸಾರಕ್ಕೆ ಬೇಕಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ನಾವೂ ಮೊದಮೊದಲು ಬೆಸ್ಸೆಲನ ಪಕ್ಷದವರಾಗಿದ್ದೆವು. ಓದಿದವನು ಕೈಗೆ ಮಣ್ಣು ಸೋಕಿಸಬಾರದೆಂಬ ಭಾವನೆ ನಮ್ಮವರಲ್ಲಿ ಎಷ್ಟು ಬೇರೂರಿದೆಯೆಂಬುದು ಇದರಿಂದಲೇ ಗೊತ್ತಾಗುತ್ತದೆ. 1827ರಲ್ಲಿ ಅವನು ಪ್ರಕಟಿಸಿದ ವಕ್ರತಲಗಳ ಸಿದ್ಧಾಂತದಲ್ಲಿ ಆ ಮೂರು ಬೆಟ್ಟಗಳ ತ್ರಿಭುಜವೇ ಉದಾಹರಣೆಯಾಗಿ ಬಂದಿದೆ. ಉಬ್ಬಿದ ನೆಲವನ್ನು ಅಳೆದವನಿಗೆ ಉಬ್ಬಿನ ಗಣಿತ ಹೊಳೆದುದು ಆಕಸ್ಮಿಕವೆಂದು ಹೇಳಲು ಈಗ ನಮಗೆ ಮನಸ್ಸಾಗುವುದಿಲ್ಲ. ಕನ್ನಡಿಯ ನಂಟೂ ಮುಗಿಯಲಿಲ್ಲ. ಮುಂದೆ ವೇಬರ್ ಎಂಬ ಪಂಡಿತನೊಡನೆ ಅಯಸ್ಕಾಂತವನ್ನು ಪರೀಕ್ಷಿಸುವಾಗ, ಅಯಸ್ಕಾಂತದ ಸರಳಿಗೆ ಕನ್ನಡಿಯನ್ನು ಕಟ್ಟಿ, ಅದರಲ್ಲಿ ಮೂಡುವ ಅಳತೆಪಟ್ಟಿಯ ಬಿಂಬವನ್ನು ದುರ್ಬೀನಿನಿಂದ ಓದಿ, ಕೂದಲೆಳೆಯಷ್ಟು ಚಲನೆಯನ್ನೂ ಹಿಡಿದನು.

ಈ ಸೂರ್ಯಯಂತ್ರವು ನಮ್ಮ ದೇಶಕ್ಕೂ ಬಂದಿತು. 1800ರಲ್ಲಿ ಲ್ಯಾಂಬ್ಟನ್ ಸಾಹೇಬನು ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದಾಗ ಇದು ಇನ್ನೂ ಹುಟ್ಟಿರಲಿಲ್ಲ. ಅವನ ಅನಂತರ ಭಾರತದ ಮಹಾಮಾಪನದ ಅಧಿಕಾರಿಯಾದ ಎವರೆಸ್ಟ್ ಸಾಹೇಬನು 1830ರಲ್ಲಿ ವಿಲಾಯಿತಿಯಿಂದ ಹಿಂದಿರುಗಿದ ಮೇಲೆ ಈ ಕನ್ನಡಿಗಳನ್ನು ಬಳಕೆಗೆ ತಂದನು. ಶಿಖರಕ್ಕೆ ಎವರೆಸ್ಟನ ಹೆಸರು ನಿಂತಿತು. ಬೆಟ್ಟದ ನೆತ್ತಿಗಳಲ್ಲಿ ಬಿಸಿಲಿಗೆ ಬೆಂದು ಕನ್ನಡಿ ತಿರುಗಿಸಿದ ನಮ್ಮ ಖಲಾಸಿಗಳ ಹೆಸರನ್ನು ಕೇಳುವವರಿಲ್ಲ.

ಗೌಸನು 1855ನೆಯ ಫೆಬ್ರವರಿ 23ರಂದು ಗೊಟಿಂಗೆನ್ನಿನಲ್ಲಿಯೇ ಕಾಲವಾದನು. ಯೂರೋ ನಾಣ್ಯ ಬರುವುದಕ್ಕೆ ಮುಂಚೆ ಜರ್ಮನಿಯ ಹತ್ತು ಮಾರ್ಕಿನ ನೋಟಿನ ಮುಂಬದಿಯಲ್ಲಿ ಅವನ ಮುಖವೂ, ಹಿಂಬದಿಯಲ್ಲಿ ಅಳತೆಯ ಯಂತ್ರವೂ ತ್ರಿಭುಜಜಾಲವೂ ಅಚ್ಚಾಗಿದ್ದುವು. 1822ರಲ್ಲಿ ಓಲ್ಬರ್ಸ್ ಎಂಬ ಮಿತ್ರನಿಗೆ ಬರೆದ ಪತ್ರದಲ್ಲಿ ಅವನು, ಹದಿನಾರು ಚದರಡಿಯ ನೂರು ಕನ್ನಡಿಗಳನ್ನು ಕೂಡಿಸಿದರೆ ಚಂದ್ರನವರೆಗೂ ಬೆಳಕನ್ನು ಕಳುಹಿಸಬಹುದೆಂದು ಲೆಕ್ಕ ಹಾಕಿದ್ದನು. 1969ರ ಜುಲೈಯಲ್ಲಿ ಅಮೆರಿಕದ ಗಗನಯಾತ್ರಿಗಳು ಚಂದ್ರನ ಮೇಲೆ ಬೆಳಕನ್ನು ಮರಳಿಸುವ ಫಲಕವನ್ನಿಟ್ಟು ಬಂದರು. ಅದರಲ್ಲಿದ್ದ ಪಟ್ಟಕಗಳೂ ಸರಿಯಾಗಿ ನೂರು. ಪರಸ್ಪರ ಲಂಬವಾದ ಮೂರು ಮುಖಗಳುಳ್ಳ ಈ ಪಟ್ಟಕಕ್ಕೆ ತಿರುಗಿಸುವ ಮನುಷ್ಯನು ಬೇಡ. ಓರೆಯಾಗಿ ಬಂದ ಬೆಳಕನ್ನೂ ಅದು ಬಂದ ಕಡೆಗೇ ಕಳುಹಿಸುತ್ತದೆ. ಭೂಮಿಯಿಂದ ಲೇಸರ್ ಕಿರಣವನ್ನು ಬಿಟ್ಟು ಅದು ಮರಳುವ ವೇಳೆಯನ್ನು ಎಣಿಸಿಯೇ, ಚಂದ್ರನು ವರ್ಷಕ್ಕೆ 3.8 ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿರುವುದನ್ನು ಕಂಡುಕೊಂಡರು. 2023ರ ಆಗಸ್ಟ್ 23ರಂದು ಬೆಂಗಳೂರಿನಿಂದ ನಡೆಸಲ್ಪಟ್ಟು ಚಂದ್ರನ ಮೇಲಿಳಿದ ನಮ್ಮ ವಿಕ್ರಮ ನೌಕೆಯ ಮೇಲೂ ಇಂಥ ಎಂಟು ಪಟ್ಟಕಗಳಿದ್ದುವು. ಕೊಟ್ಟವರು ಅಮೆರಿಕದ ನಾಸಾ ಸಂಸ್ಥೆಯವರು. ನೌಕೆಯ ಕೆಲಸ ಮುಗಿದ ಮೇಲೆ, ಡಿಸೆಂಬರ್ 12ರಂದು, ಚಂದ್ರನನ್ನು ಸುತ್ತುತ್ತಿದ್ದ ಅಮೆರಿಕದ ಉಪಗ್ರಹವು ಸುಮಾರು 100 ಕಿಲೋಮೀಟರಿನಿಂದ ಲೇಸರನ್ನು ಬೀರಿತು. ವಿಕ್ರಮದ ಗಾಜು ಅದನ್ನು ಮರಳಿ ಕಳುಹಿಸಿತು.